ಮೋಡದ ಕಡೆಯಿಂದ ನಡೆದು ಬಂದವಳು

ನನಗೆ ಮುಖಗಳು ನೆನಪಿರುವುದಿಲ್ಲ. ಬಸ್ಸಿನಲ್ಲೋ ಅಂಗಡಿಯಲ್ಲೋ ಯಾರಾದರೂ ಎದುರು ನಿಂತು "ಚೆನ್ನಾಗಿದ್ದೀರಾ?" ಎಂದರೆ ನಾನು ಹಲ್ಲು ಕಿರಿದು, ಇವರು ಯಾರಪ್ಪಾ ಎಂದು ಒಳಗೊಳಗೇ ತಡಕಾಡುತ್ತೇನೆ. ಅವರು "ಸರಿ, ಬರ್ತೀನಿ" ಎಂದು ತಿರುಗಿ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಅಯ್ಯೋ, ಇವರು ಮೂರು ವರ್ಷದ ಹಿಂದಿನ ಎಡ ಮಂಡಿಯಲ್ಲವೇ ಎಂದು ಹೊಳೆದುಬಿಡುತ್ತದೆ. ಆಗ ಹಿಂದಿನಿಂದ ಓಡಿಹೋಗಿ ಮಾತಾಡಿಸುತ್ತೇನೆ. ಅವರು ನನ್ನನ್ನು ಅರೆಹುಚ್ಚಿ ಅಂದುಕೊಂಡರೆ ಅಂದುಕೊಳ್ಳಲಿ. ಮುಖಕ್ಕೆ ಪೌಡರ್ ಹಚ್ಚಬಹುದು, ನಗು ಅಂಟಿಸಬಹುದು, ನಡಿಗೆಗೆ ಏನೂ ಹಚ್ಚಲಾಗದು.

ನಾನು ಫಿಸಿಯೋಥೆರಪಿಸ್ಟ್. ಯಾವ ಆಸ್ಪತ್ರೆಯಲ್ಲೂ ಇಲ್ಲ, ನನ್ನದೇ ಕ್ಲಿನಿಕ್. ಇಪ್ಪತ್ತೆರಡು ವರ್ಷದಿಂದ ಜನರ ಮಂಡಿ, ಭುಜ, ಸೊಂಟಗಳ ಜೊತೆ ಜಗಳವಾಡಿಕೊಂಡು ಬದುಕಿದ್ದೇನೆ. ನಾನು ಬರುವ ಮೊದಲು ಈ ಜಾಗ ಒಂದು ಫೋಟೊ ಸ್ಟುಡಿಯೋ ಆಗಿತ್ತು. ಉದ್ದನೆಯ ಕೋಣೆ. ಅದರ ಕೊನೆಯ ಗೋಡೆಯ ತುಂಬ ಫೋಟೊ ತೆಗೆಸಿಕೊಳ್ಳುವವರ ಹಿಂದೆ ಕಾಣಲೆಂದು ಯಾರೋ ಬರೆದ ಆಕಾಶ. ತಿಳಿನೀಲಿ, ಬಿಳಿ ಮೋಡಗಳು, ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು. ಸುಣ್ಣ ಹೊಡೆಸಬೇಕು ಎಂದು ಮೊದಲ ವರ್ಷವೇ ಅಂದುಕೊಂಡೆ. ಅಷ್ಟರಲ್ಲಿ ಪಾರ್ಶ್ವವಾಯುವಿನಿಂದ ಏಳುತ್ತಿದ್ದ ಒಬ್ಬ ಅಜ್ಜ ಎರಡು ಕಂಬಿ ಹಿಡಿದು ಆ ಗೋಡೆಯ ಮುಂದೆ ಹೆಜ್ಜೆ ಹಾಕುತ್ತಾ, "ಡಾಕ್ಟ್ರಮ್ಮ, ನಾನು ಮೋಡದಲ್ಲಿ ನಡೀತಿದೀನಿ ನೋಡಿ" ಎಂದು ನಕ್ಕುಬಿಟ್ಟ. ಸುಣ್ಣದ ಮಾತು ಅಲ್ಲಿಗೆ ಮುಗಿಯಿತು. ಈಗ ಮೋಡಗಳು ಅಲ್ಲಲ್ಲಿ ಸಿಪ್ಪೆ ಎದ್ದಿವೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಿದ್ದಾಗ ಅವು ನಿಜಕ್ಕೂ ಮೆಲ್ಲಗೆ ಸರಿದಂತೆ ಕಾಣುತ್ತವೆ.

ಮುಂಬಾಗಿಲ ಹತ್ತಿರದ ಕೌಂಟರಿನಲ್ಲಿ ಅಕ್ಕ ಕೂರುತ್ತಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ನನ್ನ ಎರಡು ಕೈಯ ಬೆರಳು ಹಿಡಿದುಕೊಂಡು ತಾನು ಹಿಂದುಹಿಂದಕ್ಕೆ ನಡೆಯುತ್ತಾ ನನಗೆ ನಡೆಯಲು ಕಲಿಸಿದಳಂತೆ. ಭಾವ ತೀರಿಕೊಂಡ ಮೇಲೆ ನನ್ನ ಮನೆಗೇ ಬಂದಳು, ಮಾರನೆಯ ದಿನವೇ ಕ್ಲಿನಿಕ್ಕಿಗೂ ಬಂದಳು. ಬಂದವಳು ಒಂದು ವಾರದಲ್ಲಿ ನನ್ನನ್ನೂ ಸೇರಿಸಿ ಎಲ್ಲವನ್ನೂ ತನ್ನ ಹಿಡಿತಕ್ಕೆ ತಂದುಕೊಂಡಳು. ಅವಳ ಕೈ ಖಾಲಿ ಇದ್ದುದನ್ನು ನಾನು ಕಂಡಿಲ್ಲ. ಎದೆಗೊತ್ತಿದ ರಿಜಿಸ್ಟರ್, ಇಲ್ಲವೇ ಮಡಿಸಿದ ಟವೆಲ್ಲುಗಳ ರಾಶಿ, ಇಲ್ಲವೇ ಬಿಸಿನೀರಿನ ಚೀಲ. ರಸ್ತೆಗಿಳಿದರೆ ಬಲಗೈಯಲ್ಲಿ ಬೀಗದ ಕೈಗಳಿಂದ ಹಿಡಿದು ಛತ್ರಿಯವರೆಗೆ ಎಲ್ಲವೂ ಇರುವ ದೊಡ್ಡ ಕಪ್ಪು ಚೀಲ. "ಒಳಗೆ ಕಲ್ಲು ತುಂಬಿಸಿದೀಯಾ ಅಕ್ಕಾ?" ಎಂದರೆ "ನಿನ್ನ ತಲೆಭಾರಕ್ಕಿಂತ ಕಡಿಮೆಯೇ ಇದೆ" ಎನ್ನುತ್ತಾಳೆ.

ಅವಳ ರಿಜಿಸ್ಟರಿನಲ್ಲಿ ನಾಲ್ಕು ಕಾಲಂ. ತಾರೀಖು, ಹೆಸರು, ತೊಂದರೆ, ಚೀಟಿ. ನಾಲ್ಕನೆಯದೇ ಈ ಕತೆ.

ನಮ್ಮಲ್ಲಿ ನಿಯಮವೊಂದಿದೆ, ಈಗ ಇತ್ತು ಎನ್ನಬೇಕೇನೋ. ಡಾಕ್ಟರ ಚೀಟಿ ಇಲ್ಲದೆ ಫಿಸಿಯೋಥೆರಪಿಸ್ಟ್ ಯಾರನ್ನೂ ಮುಟ್ಟಿ ನೋಡುವಂತಿಲ್ಲ. ಕುತ್ತಿಗೆ ಹಿಡಿದುಕೊಂಡಿತು ಎಂದು ಒಬ್ಬರು ನನ್ನ ಬಾಗಿಲಿಗೆ ಬಂದರೆ, ಎರಡೇ ದಿನದಲ್ಲಿ ಬಿಡಿಸಬಲ್ಲೆ ಎಂದು ನನಗೆ ಗೊತ್ತಿದ್ದರೂ, ಅವರನ್ನು ಡಾಕ್ಟರ ಬಳಿಗೆ ಅಟ್ಟಬೇಕು. ಅಲ್ಲಿ ಸರದಿ ಸಿಗಲು ವಾರಗಟ್ಟಲೆ ಕಾಯಬೇಕು. ಚೀಟಿಯಿಲ್ಲದವರನ್ನು ನೋಡಿದ್ದಕ್ಕೆ ಒಮ್ಮೆ ಆರೋಗ್ಯ ಇಲಾಖೆಯಿಂದ ನಮಗೆ ನೋಟಿಸೂ ಬಂದಿತ್ತು. ಅಂದಿನಿಂದ ಅಕ್ಕ ಕೌಂಟರಿನಲ್ಲಿ ಗೇಟು ಹಾಕಿ ಕೂತಳು. "ಚೀಟಿ ಇದೆಯಾ?" ಎನ್ನುವುದೇ ಅವಳ ಮೊದಲ ಮಾತು. ಇಲ್ಲ ಎಂದವರಿಗೆ ನೀರು ಕೊಟ್ಟು, ಕುರ್ಚಿ ಕೊಟ್ಟು, ಎರಡು ಸಮಾಧಾನದ ಮಾತಾಡಿ ವಾಪಸ್ ಕಳಿಸುತ್ತಿದ್ದಳು.

ಹಾಗೆ ವಾಪಸ್ ಹೋದವರಲ್ಲಿ ಕೂದಲು ಕತ್ತರಿಸುವ ಹೆಂಗಸೊಬ್ಬಳು. ಪಕ್ಕದ ರಸ್ತೆಯಲ್ಲಿ ಅವಳದೇ ಅಂಗಡಿ. ಬಲ ಭುಜ ಬಿಗಿಯುತ್ತಿದೆ ಎಂದು ಎರಡು ಸಲ ಬಂದಳು, ಎರಡು ಸಲವೂ ಅಕ್ಕ ಕಳಿಸಿದಳು. ಏಳು ವಾರದ ಮೇಲೆ ಚೀಟಿ ಹಿಡಿದುಕೊಂಡು ಬಂದಾಗ ಭುಜ ತುಕ್ಕು ಹಿಡಿದ ಬಾಗಿಲಿನ ಹಾಗೆ ನಿಂತುಬಿಟ್ಟಿತ್ತು. ಒಂದು ವರ್ಷ ನಾನೂ ಅವಳೂ ಗುದ್ದಾಡಿದೆವು. ಈಗಲೂ ಕೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅವಳೀಗ ಮಕ್ಕಳ ಕೂದಲು ಮಾತ್ರ ಕತ್ತರಿಸುತ್ತಾಳೆ, ಅವರ ತಲೆ ಕೆಳಗಿರುತ್ತದಲ್ಲ. ಅಂಗಡಿಯ ಗಾಜಿನ ಮೇಲೆ ದೊಡ್ಡವರ ಚಿತ್ರಗಳನ್ನು ತೆಗೆದು ಚಿಕ್ಕ ಮಕ್ಕಳ ಚಿತ್ರ ಅಂಟಿಸಿದ್ದಾಳೆ. ಆ ರಸ್ತೆಯಲ್ಲಿ ಹೋಗುವಾಗ ನಾನು ಆ ಗಾಜನ್ನು ನೋಡುವುದಿಲ್ಲ, ಅಕ್ಕನೂ ನೋಡುವುದಿಲ್ಲ.

ಈ ನಿಯಮ ತೆಗೆಯಿರಿ ಎಂದು ನಮ್ಮ ಸಂಘ ಆರು ವರ್ಷದಿಂದ ಅರ್ಜಿ ಹಾಕುತ್ತಿತ್ತು. ಸ್ವಂತ ಕ್ಲಿನಿಕ್ ಇಟ್ಟುಕೊಂಡ ನಮ್ಮಂಥವರದೇ ಸಂಘ. ನೂರ ಎಂಟು ಜನ ಸದಸ್ಯರು, ಸಭೆಗೆ ಬರುವವರು ಹನ್ನೊಂದು. ಕೊನೆಗೂ ಸರ್ಕಾರದ ಸಮಿತಿಯೊಂದು ನಮ್ಮ ಮಾತು ಕೇಳಲು ಒಪ್ಪಿತು. ಸಂಘದ ಪರವಾಗಿ ಒಬ್ಬರು ಹತ್ತು ನಿಮಿಷ ಮಾತಾಡಬಹುದು. ಕಾರ್ಯದರ್ಶಿಯವರು ನನ್ನ ಹೆಸರು ಸೂಚಿಸಿದರು. ಅವರು ಪಾದಗಳನ್ನು ಹೊರಕ್ಕೆ ತೆರೆದು ಬಾತುಕೋಳಿಯ ಹಾಗೆ ನಡೆಯುವ, ಸದಾ ಹೆದರಿಕೊಂಡೇ ಒಳ್ಳೆಯ ಕೆಲಸ ಮಾಡುವ ಮನುಷ್ಯ. "ನಿಮ್ಮ ಬಾಯಿ ಜೋರು, ಅದಕ್ಕೆ" ಎಂದರು. ಹೊಗಳಿಕೆ ಎಂದೇ ತಿಳಿದುಕೊಂಡೆ.

"ಒಂದೇ ಒಂದು ಪ್ರಶ್ನೆಗೆ ಹುಷಾರು" ಎಂದು ವಾರದಿಂದ ನನ್ನ ಕಿವಿ ಕೊರೆದಿದ್ದರು ಕಾರ್ಯದರ್ಶಿಗಳು. "ದೊಡ್ಡ ಕಾಯಿಲೆ ಏನಾದ್ರೂ ನಿಮ್ಮ ಕಣ್ಣಿಗೆ ಬೀಳದೆ ಹೋದ್ರೆ ಅಂತ ಕೇಳೇ ಕೇಳ್ತಾರೆ. ನಮ್ಮ ತರಬೇತಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ ಅನ್ನಿ. ಅಷ್ಟೇ. ಒಂದು ಅಕ್ಷರ ಹೆಚ್ಚಿಗೆ ಬೇಡ. ಅಲ್ಲಿ ತಪ್ಪು ಒಪ್ಪಿಕೊಂಡ್ರೆ ಮುಗೀತು, ಇನ್ನು ಹತ್ತು ವರ್ಷ ಬಾಗಿಲು ಮುಚ್ತಾರೆ."

ನಾನು ಕನ್ನಡಿಯ ಮುಂದೆ ನಿಂತು ಆ ವಾಕ್ಯವನ್ನು ಬಾಯಿಪಾಠ ಮಾಡಿದೆ.

ಆ ದಿನಗಳಲ್ಲೇ ಒಂದು ಕನಸು ಬೀಳುತ್ತಿತ್ತು. ಊಟವಾದ ಮೇಲೆ ರೋಗಿಗಳ ಮಂಚದ ಮೇಲೆಯೇ ಹತ್ತು ನಿಮಿಷ ಕಣ್ಣು ಮುಚ್ಚುವುದು ನನ್ನ ಹಳೆಯ ಚಾಳಿ. ಕಣ್ಣು ಮುಚ್ಚಿದೊಡನೆ ಅದೇ ಕೋಣೆ, ಆದರೆ ತುಂಬ ಉದ್ದ, ಗೋಡೆಗಳಿಗೆ ಕೊನೆಯಿಲ್ಲ. ಆ ತುದಿಯ ಮೋಡಗಳ ಒಳಗಿನಿಂದ ಯಾರೋ ನನ್ನ ಕಡೆಗೆ ನಡೆದು ಬರುತ್ತಿದ್ದಾರೆ. ಮುಖ ಬೆಳಕಿನಲ್ಲಿ ಕರಗಿಹೋಗಿದೆ. ಮುಖ ಹೋದರೆ ಹೋಗಲಿ, ನನ್ನ ಕನಸಿನಲ್ಲಿ ಮುಖಗಳು ಇರುವುದೇ ಅಪರೂಪ. ನಡಿಗೆ ಮಾತ್ರ ಸ್ಪಷ್ಟ. ಸಣ್ಣ ಸಣ್ಣ ಹೆಜ್ಜೆ. ಒಂದು ಕೈ ಗಾಳಿಯಲ್ಲಿ ತೂಗುತ್ತದೆ, ಇನ್ನೊಂದು ಅಲುಗುವುದೇ ಇಲ್ಲ. ಯಾರು, ಯಾರು ಎಂದು ನಾನು ನನಗೆ ಗೊತ್ತಿರುವ ನಡಿಗೆಗಳನ್ನೆಲ್ಲಾ ಹುಡುಕುತ್ತೇನೆ. ಹುಡುಕುತ್ತಿರುವಾಗಲೇ ಅಕ್ಕ ಹೆಗಲು ಅಲುಗಾಡಿಸಿ, "ಏಳೇ, ಎರಡು ಗಂಟೆ ಸೊಂಟ ಬಂದು ಕೂತಿದೆ" ಎಂದು ಎಬ್ಬಿಸುತ್ತಾಳೆ.

ಅಕ್ಕನಿಗೆ ಕನಸು ಹೇಳಿದೆ. "ಸಮಿತಿಯ ಅಧ್ಯಕ್ಷರಿರಬೇಕು" ಎಂದಳು. "ಭಯಕ್ಕೆ ಹಾಗೆಲ್ಲ ಕಾಣುತ್ತೆ."

ಸಮಿತಿಯ ದಿನ ಬೆಳಿಗ್ಗೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಇಬ್ಬರೂ ನಡೆದೇ ಹೊರಟೆವು. ಅಂಗಡಿಗಳ ಕಬ್ಬಿಣದ ಬಾಗಿಲು ಒಂದೊಂದೇ ಮೇಲೇರುತ್ತಿದ್ದವು. ಎದುರಿನಿಂದ ಮಂಜು ಸೀಳಿಕೊಂಡು ಜನ ಬರುತ್ತಿದ್ದರು. ಮೊದಲು ಹೆಜ್ಜೆ, ಆಮೇಲೆ ಮೈ, ಕೊನೆಯಲ್ಲಿ ಮುಖ. ನನಗೆ ಸ್ವರ್ಗ ಎಂದರೆ ಇಂಥದ್ದೇ ಒಂದು ರಸ್ತೆ ಇರಬೇಕು. ಸವೆದ ಕೀಲು, ಕುಂಟುವ ಹಿಮ್ಮಡಿ, ಒಂದು ಕಡೆ ಎತ್ತಿದ ಹೆಗಲು ಎಂದು ಮನಸ್ಸಿನಲ್ಲೇ ಎಣಿಸುತ್ತಾ, ಎಲ್ಲರನ್ನೂ ಪ್ರೀತಿಸುತ್ತಾ ನಡೆದೆ. ಅಕ್ಕ ಪಕ್ಕದಲ್ಲಿ, ಬಲಗೈಯಲ್ಲಿ ಕಪ್ಪು ಚೀಲ.

ಇಲ್ಲಿ ನಮ್ಮ ಕೆಲಸದ ಒಂದು ಗುಟ್ಟು ಹೇಳಬೇಕು. ರೋಗಿಯ ಪಕ್ಕದಲ್ಲಿ ನಡೆಯುವಾಗ ನಾವು ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಕೂಡಿಸಿಕೊಳ್ಳುತ್ತೇವೆ. ನಾವು ಬೇಗ ನಡೆದರೆ ಅವರಿಗೆ ಗಾಬರಿ, ನಿಂತು ಕಾದರೆ ಅವಮಾನ. ಆದ್ದರಿಂದ ಅವರು ಅರ್ಧ ಹೆಜ್ಜೆ ಹಾಕಿದರೆ ನಮ್ಮದೂ ಅರ್ಧ. ಮೊದಲ ವರ್ಷ ಇದನ್ನು ನೆನಪಿಟ್ಟುಕೊಂಡು ಮಾಡುತ್ತೇವೆ, ಹತ್ತನೆಯ ವರ್ಷಕ್ಕೆ ಕಾಲೇ ಮಾಡುತ್ತದೆ. ಯಾರ ಪಕ್ಕದಲ್ಲಿ ನಿಂತರೂ ನನ್ನ ಕಾಲು ಅವರ ಕಾಲಾಗಿಬಿಡುತ್ತದೆ. ಹೆಮ್ಮೆಯ ವಿಷಯ ಅಂದುಕೊಂಡಿದ್ದೆ. ಮನೆಯಿಂದ ಕ್ಲಿನಿಕ್ಕಿಗೆ ಮೊದಲು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಎರಡು ವರ್ಷದಿಂದ ಹದಿನೆಂಟು, ಇಪ್ಪತ್ತು. ಅಕ್ಕತಂಗಿಯರಿಗೆ ವಯಸ್ಸಾದ ಹಾಗೆ ಮಾತು ಜಾಸ್ತಿಯಾಯಿತು ಎಂದು ನಾನು ನಗುತ್ತಿದ್ದೆ.

ಸಮಿತಿ ಸೇರಿದ್ದು ಒಂದು ಹಳೆಯ ಸಭಾಂಗಣದಲ್ಲಿ. ಬಾಗಿಲಲ್ಲಿ ಕಾವಲುಗಾರ ಚೀಲಗಳನ್ನೆಲ್ಲಾ ಮೇಜಿನ ಮೇಲೆ ಇಡಿಸಿಕೊಳ್ಳುತ್ತಿದ್ದ. ಅಕ್ಕ ತನ್ನ ಚೀಲ ಕೊಡಲು ತುಂಬ ಕೊಸರಾಡಿದಳು. "ಒಳಗೆ ಬಾಂಬ್ ಇಲ್ಲಪ್ಪ, ಬಿಸ್ಕತ್ತಿದೆ" ಎಂದಳು. ಅವನು ನಕ್ಕ, ಚೀಲ ಮಾತ್ರ ಬಿಡಲಿಲ್ಲ. ಅಷ್ಟು ಸಣ್ಣದಕ್ಕೆ ಇಷ್ಟು ಹಟ ಏಕೆ ಎಂದು ನನಗೆ ರೇಗಿತು. "ಇಟ್ಟು ಬಾ ಅಕ್ಕ, ಯಾರೂ ಕದಿಯಲ್ಲ" ಎಂದು ಮುಂದೆ ನಡೆದುಬಿಟ್ಟೆ.

ಎತ್ತರದ ಕಿಟಕಿಗಳಿಂದ ಬೆಳಕು ಓರೆಯಾಗಿ ಇಳಿದಿತ್ತು, ಅದರಲ್ಲಿ ಧೂಳಿನ ಕಣಗಳು ನಿಧಾನವಾಗಿ ಏಳುತ್ತಿದ್ದವು. ಮಾತೆಲ್ಲ ನೀರಿನೊಳಗಿನಿಂದ ಬಂದ ಹಾಗೆ ಕೇಳಿಸುತ್ತಿತ್ತು. ಮುಂದಿನ ಎತ್ತರದ ಮೇಜಿನ ಹಿಂದೆ ಮೂವರು. ಮಧ್ಯದಲ್ಲಿ ಅಧ್ಯಕ್ಷರು, ಬಿಳಿ ಕೂದಲಿನ ಹೆಂಗಸು, ಎಲ್ಲವನ್ನೂ ಬರೆದುಕೊಳ್ಳುವವರು. ಎಡಕ್ಕೆ ನಿದ್ದೆಗಣ್ಣಿನ ಅಧಿಕಾರಿ. ಬಲಕ್ಕೆ ಊರಿಗೆಲ್ಲ ಗೊತ್ತಿರುವ ಮೂಳೆ ಡಾಕ್ಟರು. ನಮ್ಮ ಅರ್ಜಿಯನ್ನು ಆರು ವರ್ಷ ತಡೆದವರು ಇವರೇ ಎಂದು ಕಾರ್ಯದರ್ಶಿಗಳ ನಂಬಿಕೆ.

ನಾನು ಮಾತು ಶುರುಮಾಡಿದೆ. ಕಾಯುವ ವಾರಗಳ ಲೆಕ್ಕ, ಬಿಗಿಯುವ ಕೀಲುಗಳ ಲೆಕ್ಕ. ಧ್ವನಿ ನನ್ನದೇ ಆದರೂ ಯಾರೋ ಪಕ್ಕದಲ್ಲಿ ನಿಂತು ಹೇಳುತ್ತಿರುವಂತಿತ್ತು. ಕೂದಲು ಕತ್ತರಿಸುವ ಹೆಂಗಸಿನ ಕತೆಗೆ ಬಂದೆ. ಅವಳು ಸಮಿತಿಗೆಂದೇ ಒಂದು ಕಾಗದ ಬರೆದುಕೊಟ್ಟಿದ್ದಳು. ಕೈ ಫೈಲಿಗೆ ಹೋಯಿತು. ಕಾಗದ ಇಲ್ಲ. ಅದು ಅಕ್ಕನ ಚೀಲದಲ್ಲಿತ್ತು, ಚೀಲ ಬಾಗಿಲಲ್ಲಿತ್ತು. ನಾನು ತಿರುಗಿ ಮೊದಲ ಸಾಲಿನಲ್ಲಿ ಅಕ್ಕ ಕೂತಿದ್ದ ಕಡೆ ನೋಡಿದೆ. ಅವಳು ಆಗಲೇ ಎದ್ದು, ಸಾಲುಗಳ ಪಕ್ಕದ ಓಣಿಯಲ್ಲಿ ಬಾಗಿಲ ಕಡೆ ಹೊರಟಿದ್ದಳು.

"ಒಂದು ನಿಮಿಷ" ಎಂದೆ. ಅಧ್ಯಕ್ಷರು ತಲೆಯಾಡಿಸಿದರು.

ಸಭಾಂಗಣದ ಆ ತುದಿಯಲ್ಲಿ ಬಾಗಿಲು ತೆರೆದಿತ್ತು, ಅದರಾಚೆ ಮಂಜು ಕರಗುತ್ತಿದ್ದ ಬಿಳಿ ಬೆಳಗು. ಆ ಬೆಳಕಿನ ಒಳಗಿನಿಂದ ಅಕ್ಕ ನನ್ನ ಕಡೆಗೆ ನಡೆದು ಬಂದಳು. ಮುಖ ಕಾಣಲಿಲ್ಲ. ಎಡಗೈಯಲ್ಲಿ ಕಾಗದ. ಬಲಗೈಯಲ್ಲಿ ಏನೂ ಇಲ್ಲ.

ಸಣ್ಣ ಸಣ್ಣ ಹೆಜ್ಜೆ. ಕಾಗದ ಹಿಡಿದ ಕೈ ಸಹಜವಾಗಿ ಹಿಂದೆ ಮುಂದೆ ತೂಗುತ್ತಿತ್ತು. ಖಾಲಿ ಕೈ ಮೊಣಕೈಯಲ್ಲಿ ಸ್ವಲ್ಪ ಮಡಿಸಿಕೊಂಡು, ಬೇರೆ ಯಾರದೋ ಕೈಯನ್ನು ಅವಳ ಮೈಗೆ ಹೊಲಿದ ಹಾಗೆ, ಅಲುಗದೆ ಬರುತ್ತಿತ್ತು. ಬಲಗಾಲು ನೆಲವನ್ನು ತುಸು ಕೆರೆಯುತ್ತಿತ್ತು. ಸುಮಾರು ನಲವತ್ತು ಹೆಜ್ಜೆಯ ದೂರ. ಮೊದಲ ಹತ್ತರಲ್ಲಿ, ಇದು ಕನಸು, ಈಗ ಅಕ್ಕ ಬಂದು ಎಬ್ಬಿಸುತ್ತಾಳೆ ಅಂದುಕೊಂಡೆ. ಇಪ್ಪತ್ತರಲ್ಲಿ ಕಾಯಿಲೆಯ ಹೆಸರು ನೆನಪಿಗೆ ಬಂತು. ಮೆಲ್ಲಮೆಲ್ಲಗೆ ಮೈಯನ್ನು ಬಿಗಿಯುವ, ಎಷ್ಟೋ ಜನರನ್ನು ನಡುಗಿಸುವ ಆ ನರದ ಕಾಯಿಲೆ. ಮೂವತ್ತರಲ್ಲಿ ಅವಳ ಅಕ್ಷರಗಳು ನೆನಪಾದವು. ಅವಳ ದುಂಡು ಅಕ್ಷರ ವರ್ಷದಿಂದ ಚಿಕ್ಕದಾಗುತ್ತಾ ಇರುವೆ ಸಾಲಿನ ಹಾಗಾಗಿತ್ತು. "ಏನಕ್ಕ, ಕಾಗದ ಉಳಿಸ್ತಿದೀಯಾ?" ಎಂದು ನಾನು ನಕ್ಕಿದ್ದೆ. ಹದಿನೆಂಟು ನಿಮಿಷದ ದಾರಿ ನೆನಪಾಯಿತು. ಎರಡು ವರ್ಷ ಅವಳ ಪಕ್ಕದಲ್ಲಿ ನಡೆದಿದ್ದೆ, ಅವಳು ನಿಧಾನವಾದಷ್ಟೂ ನಾನು ನಿಧಾನವಾಗಿದ್ದೆ, ನನ್ನ ಹಾಳು ಕಾಲು ಎಲ್ಲವನ್ನೂ ಸರಿದೂಗಿಸಿ ನನ್ನ ಕಣ್ಣಿಗೆ ಮಣ್ಣೆರಚಿತ್ತು. ಊರಿನವರ ನಡಿಗೆಯನ್ನೆಲ್ಲ ಮಂಜಿನಲ್ಲೂ ಗುರುತಿಸುವವಳು ಮನೆಯವಳನ್ನು ಒಮ್ಮೆಯೂ ಎದುರಿನಿಂದ ನೋಡಿರಲಿಲ್ಲ.

ಅಕ್ಕ ಕಾಗದ ಕೊಟ್ಟಳು. "ತಗೋ, ಗಾಬರಿಯಾಗ್ಬೇಡ" ಎಂದು ಪಿಸುಗುಟ್ಟಿ ತನ್ನ ಜಾಗದಲ್ಲಿ ಹೋಗಿ ಕೂತಳು.

ಕಾಗದ ಓದಿದೆನಂತೆ. ಕಾರ್ಯದರ್ಶಿಗಳು ಆಮೇಲೆ ಹೇಳಿದ್ದು, ಚೆನ್ನಾಗೇ ಓದಿದೆನಂತೆ. ನನಗೆ ಒಂದು ಅಕ್ಷರವೂ ನೆನಪಿಲ್ಲ.

ಆಗ ಮೂಳೆ ಡಾಕ್ಟರು ಕನ್ನಡಕ ತೆಗೆದಿಟ್ಟರು. ಅವರ ಧ್ವನಿಯಲ್ಲಿ ಕುಹಕವಿರಲಿಲ್ಲ, ನಾನು ನಿರೀಕ್ಷಿಸಿದ್ದೆ, ಇರಲಿಲ್ಲ. "ನೋಡಿ, ನೀವು ಕೆಲಸ ಬಲ್ಲವರು, ಅದು ಗೊತ್ತು. ನನ್ನ ಭಯ ಬೇರೆ. ಬೆನ್ನುನೋವು ಅಂತ ಬಂದವರ ಒಳಗೆ ಇನ್ನೇನೋ ಇರುತ್ತೆ. ಡಾಕ್ಟರು ನೋಡದೆ ನೇರವಾಗಿ ನಿಮ್ಮ ಹತ್ರ ಬಂದ್ರೆ ಅದು ತಪ್ಪಿಹೋಗಲ್ವಾ? ಪ್ರಾಮಾಣಿಕವಾಗಿ ಹೇಳಿ. ನಿಮ್ಮ ಕಣ್ಣಿಗೆ ಬೀಳದೆ ಏನಾದ್ರೂ ತಪ್ಪಿಹೋಗಿದ್ದು ಇದೆಯಾ?"

ಕಾರ್ಯದರ್ಶಿಗಳು ಕುರ್ಚಿಯ ಅಂಚಿಗೆ ಬಂದು ಕೂತರು. ಬಾಯಿಪಾಠ ಮಾಡಿದ ವಾಕ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನೂರ ಎಂಟು ಜನರ ಆರು ವರ್ಷ, ಹೆಗಲಿಗಿಂತ ಮೇಲೇಳದ ಒಂದು ಕೈ, ಎಲ್ಲವೂ ಆ ಒಂದು ವಾಕ್ಯದ ಮೇಲೆ ನಿಂತಿತ್ತು. ಹೇಳಿದ್ದರೆ ಆಗಿಹೋಗುತ್ತಿತ್ತು. ಎದುರಿಗೆ ಅಕ್ಕ ಕೂತಿದ್ದಳು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು. ಅವಳ ಮುಂದೆ ಆ ಸುಳ್ಳು ಹೇಳಲು ನನಗೆ ಆಗಲಿಲ್ಲ.

"ಇದೆ" ಎಂದೆ. "ಎರಡು ವರ್ಷದಿಂದ ಒಂದು ತಪ್ಪಿಹೋಗಿತ್ತು. ದಿನಾ ನೋಡೋರದ್ದೇ. ಅದು ಇವತ್ತು ನನ್ನ ಕಣ್ಣಿಗೆ ಬಿತ್ತು."

ಸಭೆಯಲ್ಲಿ ಗುಸುಗುಸು ಎದ್ದಿತು. ಕಾರ್ಯದರ್ಶಿಗಳು ತಲೆಯ ಮೇಲೆ ಕೈ ಹೊತ್ತರು.

"ಯಾರು ಅವರು?" ಅಧ್ಯಕ್ಷರು ಕೇಳಿದರು.

"ಮೊದಲು ಅವರಿಗೆ ಹೇಳ್ಬೇಕು ಮೇಡಂ. ಆಮೇಲೆ ಬೇರೆಯವರಿಗೆ." ಅಲ್ಲಿಗೆ ಬಾಯಿ ನಿಲ್ಲಲಿಲ್ಲ. ಜೋರು ಬಾಯಿ ಎಂದಿದ್ದರಲ್ಲ. "ಅವರನ್ನ ನಾನು ನೋಡೇ ಇರ್ಲಿಲ್ಲ, ಅದಕ್ಕೇ ತಪ್ಪಿದ್ದು. ಪಕ್ಕದಲ್ಲಿದ್ದೆ, ಎದುರಿಗೆ ನಿಂತು ನೋಡ್ಲಿಲ್ಲ. ನೋಡಿದ ತಕ್ಷಣ ನಲವತ್ತು ಹೆಜ್ಜೆಯಲ್ಲಿ ಗೊತ್ತಾಯ್ತು. ಇದಕ್ಕೆ ಹೆಸರಿಡೋದು ನನ್ನ ಕೆಲಸ ಅಲ್ಲ, ನರದ ಡಾಕ್ಟರ ಕೆಲಸ ಅನ್ನೋದೂ ಗೊತ್ತಾಯ್ತು. ನಾಳೆ ಬೆಳಿಗ್ಗೆ ನಾನೇ ಆ ಡಾಕ್ಟರಿಗೆ ಕಾಗದ ಬರೆದು ಕಳಿಸ್ತೀನಿ ಸಾರ್. ಆದ್ರೆ ಇವತ್ತಿನ ನಿಯಮದ ಪ್ರಕಾರ ಆ ಕೈಯನ್ನ ಮುಟ್ಟಿ ನೋಡೋಕೂ ನನಗೆ ಹಕ್ಕಿಲ್ಲ. ಅವರೂ ನನ್ನ ಹತ್ರ ಬರೋ ಹಾಗಿಲ್ಲ. ನಮ್ಮ ಬಾಗಿಲಿಂದ ವಾಪಸ್ ಹೋದವರಲ್ಲಿ ಇಂಥವರು ಎಷ್ಟು ಜನ ಇದ್ರೋ, ಯಾರೂ ಅವರನ್ನ ಎದುರಿಂದ ನೋಡ್ಲಿಲ್ಲ."

ಮೂಳೆ ಡಾಕ್ಟರು ಕನ್ನಡಕ ಹಾಕಿಕೊಳ್ಳದೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರ ದೃಷ್ಟಿ ಮೆಲ್ಲಗೆ ಮೊದಲ ಸಾಲಿಗೆ ಹೋಯಿತು, ಅಲ್ಲೊಂದು ಕ್ಷಣ ನಿಂತಿತು. ಅವರೂ ಕಣ್ಣಿದ್ದವರೇ.

ಹೊರಗೆ ಬರುವ ಹೊತ್ತಿಗೆ ಕಾರ್ಯದರ್ಶಿಗಳು ಬಾತುಕೋಳಿಯ ಹೆಜ್ಜೆಯಲ್ಲಿ ಬೇಗ ಬೇಗ ನಡೆದು ಮರೆಯಾಗಿದ್ದರು, ನನ್ನ ಮೇಲೆ ಕೂಗಾಡಬಾರದು ಎಂಬ ಒಳ್ಳೆಯತನದಿಂದಲೇ ಇರಬೇಕು. ಅಕ್ಕ ಚೀಲ ಬಿಡಿಸಿಕೊಂಡು ಬಲಗೈಗೆ ಸಿಕ್ಕಿಸಿಕೊಂಡಳು. ಬಿಸಿಲು ಬಂದಿತ್ತು. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಸಾವಿರಾರು ಜನರಿಗೆ ಕೆಟ್ಟ ಸುದ್ದಿ ಹೇಳಿದವಳು, ಹೇಗೆ ಶುರುಮಾಡಲಿ ಎಂದು ಹುಡುಕುತ್ತಿದ್ದೆ.

"ನನ್ನ ವಿಷಯ ತಾನೇ?" ಅಕ್ಕನೇ ಕೇಳಿದಳು.

ನಾನು ತಲೆಯಾಡಿಸಿದೆ.

"ಅಷ್ಟು ಹೆದರಿದ ಮುಖ ಮಾಡ್ಬೇಡ. ನನಗೆ ಗೊತ್ತಿತ್ತು. ಹೆಸರು ಗೊತ್ತಿರ್ಲಿಲ್ಲ, ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಗುಂಡಿ ಹಾಕೋಕೆ ಅರ್ಧ ಗಂಟೆ ಬೇಕು. ಹಲ್ಲುಜ್ಜೋದು ಎಡಗೈಯಲ್ಲಿ. ಈ ಕೈ ಸುಮ್ನೆ ಜೋತುಬಿದ್ರೆ ಜನ ನೋಡ್ತಾರೆ ಅಂತ ಚೀಲ ಹಿಡ್ಕೊಂಡೆ. ಭಾರ ಇದ್ರೆ ಕೈ ಬೀಸದಿದ್ರೂ ಯಾರೂ ಕೇಳಲ್ಲ."

"ಅಕ್ಕಾ, ಎಷ್ಟು ದಿನದಿಂದ?"

"ಆಯ್ತು, ವರ್ಷದ ಮೇಲೆ."

ನನಗೆ ಸಿಟ್ಟು ನೆತ್ತಿಗೇರಿತು. ಅಳು ಬರಬೇಕಾದಲ್ಲಿ ನನಗೆ ಸಿಟ್ಟೇ ಬರುವುದು. "ನಿನಗೆ ಬುದ್ಧಿ ಇದೆಯಾ? ಹತ್ತು ಹೆಜ್ಜೆ ದೂರದಲ್ಲಿ ಕೂತಿರ್ತೀನಿ ನಾನು! ಒಂದೇ ಮನೆ, ಒಂದೇ ತಟ್ಟೆ ಅನ್ನೋ ಹಾಗಿದೀವಿ. ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

ಅಕ್ಕ ತನ್ನ ಬಲಗೈಯನ್ನು ನೋಡಿಕೊಂಡಳು.

"ಚೀಟಿ ಇರ್ಲಿಲ್ಲ ಕಣೇ" ಎಂದಳು.

ತಮಾಷೆಗೆ ಹೇಳಿದಳೆಂದು ನಗಲು ಹೊರಟೆ. ಅವಳು ನಗುತ್ತಿರಲಿಲ್ಲ.

"ಆ ಕೂದಲಿನವಳನ್ನ ಎರಡು ಸಲ ವಾಪಸ್ ಕಳಿಸಿದವಳು ನಾನು" ಎಂದಳು. "ನಿನಗೆ ಗೊತ್ತೇ ಇಲ್ಲ, ಎರಡನೇ ಸಲ ಅವಳು ಅತ್ತಳು. ನೋಡಮ್ಮ, ನಿಯಮ ಅಂದೆ. ಅವಳಿಗೊಂದು ನಿಯಮ, ನನಗೊಂದು ಅಂತ ಹೇಗೆ ಕೌಂಟರ್ ದಾಟಿ ಒಳಗೆ ಬರ್ಲಿ? ಸರಿ, ಡಾಕ್ಟರ ಹತ್ರ ಹೆಸರು ಬರೆಸೋಣ ಅಂತ ಎರಡು ಸಲ ಹೋದೆ. ಸರದಿ ಉದ್ದ ಇತ್ತು. ಕ್ಲಿನಿಕ್ ತೆಗೆಯೋ ಹೊತ್ತಾಯ್ತು ಅಂತ ಎದ್ದು ಬಂದೆ."

ರಸ್ತೆಯಲ್ಲಿ ಜನ ಹೋಗುತ್ತಿದ್ದರು. ಯಾರ ನಡಿಗೆಯೂ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಅವಳ ಕೈಯಿಂದ ಚೀಲ ತೆಗೆದುಕೊಂಡೆ. ನಿಜಕ್ಕೂ ಕಲ್ಲು ತುಂಬಿದಷ್ಟು ಭಾರವಿತ್ತು. ಮನೆಗೆ ಹೋಗುವಾಗ ಅವಳನ್ನು ಮುಂದೆ ಬಿಟ್ಟು ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ನನ್ನ ಕಾಲು ಆಗಲೂ ಅವಳ ಹೆಜ್ಜೆ ಹಿಡಿಯಲು ನೋಡುತ್ತಿತ್ತು, ಹಟ ಹಿಡಿದು ತಪ್ಪಿಸಿದೆ.

"ಏನೇ, ಹಿಂದೆ ಉಳಿದೆ?" ಎಂದು ಕೂಗಿದಳು.

"ನೋಡ್ತಿದೀನಿ."

"ಇಷ್ಟು ದಿನ ನೋಡದೆ ಈಗ ಕಣ್ಣುಗುಡ್ಡೆ ಬೀಳೋ ಹಾಗೆ ನೋಡ್ಬೇಡ. ದೃಷ್ಟಿಯಾದೀತು."

ಒಂದು ತಿಂಗಳಾದ ಮೇಲೆ ಸಮಿತಿಯ ಕಾಗದ ಬಂತು. ಒಂದು ವರ್ಷದ ಮಟ್ಟಿಗೆ ಚೀಟಿ ಬೇಡ, ಆದರೆ ಅನುಮಾನ ಬಂದವರನ್ನು ಅದೇ ವಾರ ಡಾಕ್ಟರಿಗೆ ಬರೆದು ಕಳಿಸಬೇಕು ಎಂಬ ಷರತ್ತು. ಷರತ್ತನ್ನು ಬರೆಸಿದವರು ಮೂಳೆ ಡಾಕ್ಟರು, ಒಪ್ಪಿಗೆಗೆ ಮೊದಲು ಕೈ ಎತ್ತಿದವರೂ ಅವರೇ ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಹೇಳುತ್ತಾ ಅತ್ತರು. ಆ ದಿನ ಕೂದಲಿನವಳ ಅಂಗಡಿಯ ಗಾಜಿನ ಮುಂದೆ ನಿಂತು ಅಕ್ಕ ತುಂಬ ಹೊತ್ತು ಅವಳ ಜೊತೆ ಮಾತಾಡಿ ಬಂದಳು. ಏನು ಮಾತಾಡಿದರೋ ನನಗೆ ಹೇಳಲಿಲ್ಲ.

ಅದೆಲ್ಲ ಆಮೇಲಿನ ಮಾತು. ಸಭೆಯ ಮಾರನೆಯ ಬೆಳಿಗ್ಗೆ ಒಪ್ಪಿಗೆ ಇನ್ನೂ ಬಂದಿರಲಿಲ್ಲ, ಬರುತ್ತದೆಂಬ ನಂಬಿಕೆಯೂ ಇರಲಿಲ್ಲ. ನಿಯಮ ನಿಯಮವಾಗಿಯೇ ಇತ್ತು. ಬೀಗ ತೆಗೆದು ಒಳಗೆ ಹೋದೆವು. ಎಳೆ ಬಿಸಿಲು ಗೋಡೆಯ ಆಕಾಶದ ಮೇಲೆ ಬಿದ್ದಿತ್ತು. ಅಕ್ಕ ಕೌಂಟರಿನ ಹಿಂದಿನ ತನ್ನ ಜಾಗಕ್ಕೆ ಹೋಗದೆ, ಈಚೆಗೆ, ಬಂದವರು ನಿಲ್ಲುವ ಕಡೆ ನಿಂತಳು. ರಿಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ತಾರೀಖು ಬರೆದಳು. ತನ್ನ ಹೆಸರು ಬರೆದಳು. ತೊಂದರೆ ಎಂಬಲ್ಲಿ "ಬಲಗೈ" ಎಂದು ಬರೆದಳು. ನಾಲ್ಕನೆಯ ಕಾಲಂ ಮುಂದೆ ಪೆನ್ನು ನಿಂತಿತು. ಮೇಲಿನಿಂದ ಕೆಳಗಿನವರೆಗೆ, ಪುಟದ ತುಂಬ, ಅವಳದೇ ಅಕ್ಷರದಲ್ಲಿ ಇದೆ, ಇದೆ, ಇದೆ, ಇದೆ.

ಅದರ ಕೆಳಗೆ ಅವಳು "ಇಲ್ಲ" ಎಂದು ಬರೆದಳು. ಇರುವೆಯಷ್ಟು ಚಿಕ್ಕದಾಗಿ.

ಆ ಕಾಯಿಲೆಯಲ್ಲಿ ಕೈಗೆ ಕೊಡುವ ಮೊದಲ ಕೆಲಸವೇ ಅಕ್ಷರ ಹಿಗ್ಗಿಸುವುದು. ನರದ ಡಾಕ್ಟರಿಗೆ ಬರೆದ ಕಾಗದ ನನ್ನ ಜೇಬಿನಲ್ಲಿತ್ತು, ಹಿಂದಿನ ಸಂಜೆ ಫೋನಿನಲ್ಲಿ ಕಾಡಿ ಬೇಡಿ ಸರದಿ ಗಿಟ್ಟಿಸಿಕೊಂಡಿದ್ದೆ, ಹನ್ನೊಂದಕ್ಕೆ ಅವರಲ್ಲಿಗೆ ಹೋಗುವುದಿತ್ತು. ಅದಕ್ಕೆ ಇನ್ನೂ ಎರಡು ಗಂಟೆ ಇತ್ತು.

"ಕಾಣಲ್ಲ ಅಕ್ಕ" ಎಂದೆ. "ದೊಡ್ಡದಾಗಿ ಬರಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಮೂರು ಗೆರೆಗಳಷ್ಟು ಎತ್ತರಕ್ಕೆ ಮತ್ತೊಮ್ಮೆ "ಇಲ್ಲ" ಎಂದು ಬರೆದಳು.

"ಈಗ ಒಳಗೆ ಬಾ" ಎಂದೆ. ಅವಳ ಎರಡು ಕೈಯ ಬೆರಳುಗಳನ್ನು ಹಿಡಿದುಕೊಂಡು, ಅವಳ ಮುಖ ನೋಡುತ್ತಾ, ನಾನು ಹಿಂದುಹಿಂದಕ್ಕೆ ಮೋಡದ ಗೋಡೆಯ ಕಡೆಗೆ ನಡೆದೆ.